‘ಕೋಟೆಯ ಪಕ್ಕದಲ್ಲೇ’ ಎಂಬ ಜಾಹೀರಾತು ನೋಡಿ ಚಿತ್ರದುರ್ಗದಲ್ಲಿ ಕೋಣೆ ಕಾಯ್ದಿರಿಸುವವರ ಗಮನಕ್ಕೆ

ಚಿತ್ರದುರ್ಗದ ಕೋಟೆ ನೋಡಲು ಹೊರಟವರು, ಅದರಲ್ಲೂ ವಯಸ್ಸಾದವರನ್ನು ಜೊತೆಗೆ ಕರೆದೊಯ್ಯುವವರು, ವಸತಿಗೃಹದ ಜಾಹೀರಾತಿನಲ್ಲಿ ‘ಕೋಟೆಯಿಂದ ಎರಡೇ ಕಿಲೋಮೀಟರ್’ ಎಂದು ಬರೆದಿರುವುದನ್ನು ಕಂಡ ಮಾತ್ರಕ್ಕೆ ಮುಂಗಡ ಕಳುಹಿಸಬಾರದು. ಈ ಬೇಸಿಗೆಯ ಆರಂಭದಲ್ಲಿ ನಮ್ಮ ಮನೆಯವರು ಪಟ್ಟ ಪಾಡು ಬೇರೆಯವರಿಗೆ ಬಾರದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ದಾವಣಗೆರೆಯಿಂದ ಚಿತ್ರದುರ್ಗ ಸುಮಾರು 60 ಕಿಲೋಮೀಟರ್. ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದಾದ ಊರು. ಆದರೂ ಹಿಂದಿನ ರಾತ್ರಿಯೇ ಹೋಗಿ ತಂಗಲು ನಾವು ನಿರ್ಧರಿಸಿದ್ದು ಬಿಸಿಲಿನ ಭಯದಿಂದ. ಕೋಟೆಯೊಳಗೆ ಕಾಲಿಟ್ಟ ಮೇಲೆ ಬಹುಪಾಲು ಬಂಡೆಯ ಮೇಲಿನ ನಡಿಗೆಯೇ. ಒನಕೆ ಓಬವ್ವನ ಕಿಂಡಿ, ಏಕನಾಥೇಶ್ವರಿ ಮತ್ತು ಹಿಡಿಂಬೇಶ್ವರ ಗುಡಿಗಳು, ಗೋಪಾಲಸ್ವಾಮಿ ಹೊಂಡ ಇಷ್ಟನ್ನು ನೋಡಿ ಬರುವಷ್ಟರಲ್ಲಿ ಕಲ್ಲು ಕಾದಿರುತ್ತದೆ. ಆದುದರಿಂದ ಬಾಗಿಲು ತೆರೆದ ಕೂಡಲೇ ಒಳಹೋಗುವುದು ನಮ್ಮ ಉದ್ದೇಶವಾಗಿತ್ತು.

ಜಾಹೀರಾತಿನ ಚಿತ್ರದಲ್ಲಿ ಕಿಟಕಿಯಾಚೆ ಕೋಟೆಯ ಗೋಡೆ ಕಾಣುತ್ತಿತ್ತು. ಫೋನಿನಲ್ಲಿ ಮಾತನಾಡಿದವರು, ‘ನಡಕೊಂಡೇ ಹೋಗಬಹುದು ಸಾರ್’ ಎಂದು ಹೇಳಿ, ಅರ್ಧ ಬಾಡಿಗೆಯನ್ನು ಒಂದು ಖಾಸಗಿ ಮೊಬೈಲ್ ಸಂಖ್ಯೆಗೆ ಹಾಕಿಸಿಕೊಂಡರು. ರಾತ್ರಿ ತಲುಪಿದಾಗ ಆ ಕಟ್ಟಡ ಇದ್ದದ್ದು ಊರ ಹೊರಗೆ, ಬೆಂಗಳೂರು–ಪುಣೆ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ. ಕೋಟೆ ಎಲ್ಲಿ ಎಂದು ಕೇಳಿದ್ದಕ್ಕೆ ಅಲ್ಲಿದ್ದ ಹುಡುಗ ನಮ್ಮನ್ನು ಮಾಳಿಗೆಗೆ ಹತ್ತಿಸಿ, ಕತ್ತಲಲ್ಲಿ ಮಸುಕಾಗಿದ್ದ ಗುಡ್ಡದ ಸಾಲಿನತ್ತ ಕೈ ತೋರಿಸಿದ. ಪಾಪ, ಅವನು ಸುಳ್ಳೇನೂ ಹೇಳಲಿಲ್ಲ.

ಮೋಸ ಇರುವುದು ದೂರವನ್ನು ಅಳೆಯುವ ಬಗೆಯಲ್ಲಿ. ನಕಾಶೆಯಲ್ಲಿ ಕೋಟೆಯ ಗುರುತು ಬೆಟ್ಟದ ನಡುವೆ ಎಲ್ಲೋ ಇರುತ್ತದೆ. ಅಲ್ಲಿಂದ ಕಟ್ಟಡಕ್ಕೆ ನೇರ ಗೆರೆ ಎಳೆದರೆ ಎರಡು ಕಿಲೋಮೀಟರ್ ಆಗುತ್ತದೆ. ಏಳು ಸುತ್ತಿನ ಕೋಟೆಯನ್ನು ಕಟ್ಟಿದ್ದೇ ಯಾರೂ ಎಲ್ಲಿಂದಲೋ ನೇರವಾಗಿ ನುಗ್ಗಬಾರದೆಂದು! ನೋಡಲು ಹೋಗುವವರು ಊರಿನ ಕಡೆಯಿಂದ ಟಿಕೆಟ್ ಕೊಡುವ ಬಾಗಿಲಿಗೇ ಬರಬೇಕು. ಬೆಟ್ಟದ ಆಚೆ ಚಂದ್ರವಳ್ಳಿಯ ಕಡೆ ತಂಗಿದರೂ ಬಳಸು ದಾರಿ ತಪ್ಪದು.

ರಾತ್ರಿಯಿಡೀ ಲಾರಿಗಳ ಸದ್ದಿನಲ್ಲಿ ತಾಯಿಯವರಿಗೆ ನಿದ್ದೆ ಬರಲಿಲ್ಲ. ನಸುಕಿನಲ್ಲಿ ಆಟೋ ಸಿಗಲಿಲ್ಲ. ಕೋಟೆ ತಲುಪುವ ಹೊತ್ತಿಗೆ ಬಿಸಿಲೇರಿ, ಚಿಕ್ಕಪ್ಪ ಮೊದಲ ಬಾಗಿಲಿನ ನೆರಳಿನಲ್ಲೇ ಕುಳಿತುಬಿಟ್ಟರು.

ಕಾಯ್ದಿರಿಸುವ ಮೊದಲು, ಟಿಕೆಟ್ ಬಾಗಿಲಿನಿಂದ ವಸತಿಗೃಹಕ್ಕೆ ರಸ್ತೆಯ ದೂರವನ್ನು ನಕಾಶೆಯಲ್ಲಿ ನೀವೇ ಅಳೆಯಿರಿ. ದೊಡ್ಡಪೇಟೆ ಅಥವಾ ರಂಗಯ್ಯನ ಬಾಗಿಲಿನ ವಸ್ತುಸಂಗ್ರಹಾಲಯದ ಆಸುಪಾಸಿನಲ್ಲಿ ಕೋಣೆ ಸಾಧಾರಣವಾಗಿದ್ದರೂ ಅದೇ ಮೇಲು ಎಂಬುದು ನನ್ನ ಅಭಿಪ್ರಾಯ. ಖಾಸಗಿ ಸಂಖ್ಯೆಗೆ ಹಣ ಹಾಕಬೇಡಿ, ರಸೀದಿಯಿಲ್ಲದೆ ಮುಂಗಡ ಕೊಡಬೇಡಿ. ನಮ್ಮ ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆಯೇ ಇರಲಿಲ್ಲ, ಆದರೂ ಶೇಕಡ 12 ತೆರಿಗೆ ಸೇರಿಸಿದ್ದರು. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡ 5 ಮಾತ್ರ ಎಂದು ತೋರಿಸಿದ ಮೇಲೆ ಆ ಸಾಲನ್ನು ಹೊಡೆದುಹಾಕಿದರು. ಎರಡನೆಯ ರಾತ್ರಿಯ ಮುಂಗಡವನ್ನು ಮಾತ್ರ ಹಿಂದಿರುಗಿಸಲಿಲ್ಲ. ಅದಕ್ಕಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಜಾಹೀರಾತಿನ ಚಿತ್ರ ಮತ್ತು ಹಣ ಪಾವತಿಯ ವಿವರದೊಂದಿಗೆ ದೂರು ದಾಖಲಿಸಿದ್ದೇವೆ.