ಮೈಎಸ್‌ಕ್ಯೂಎಲ್: ಕನೆಕ್ಷನ್ ಕಡಿದರೆ ಕಾರಣವನ್ನೂ ಹೇಳುತ್ತದೆ, ಕೊನೆಗೂ!

ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್ ಜೊತೆ ತುಂಬಾ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ವೇಗ, ಬ್ಯಾಕಪ್, ರೆಪ್ಲಿಕೇಶನ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನ್ನ ತಲೆ ತಿಂದದ್ದು ಎರರ್ 2006, 'ಸರ್ವರ್ ಹ್ಯಾಸ್ ಗಾನ್ ಅವೇ', ಅಂದರೆ ಸರ್ವರ್ ಜೊತೆಗಿನ ಕನೆಕ್ಷನ್ ಕಡಿದಿದೆ ಅಂತ.

ಸರ್ವರ್ ರೀಸ್ಟಾರ್ಟ್ ಆದರೂ ಇದೇ ಮಾತು. ಯಾರೋ ಕನೆಕ್ಷನ್ ಕಿಲ್ ಮಾಡಿದರೂ ಇದೇ. ಮಿತಿ ಮೀರಿದ ದೊಡ್ಡ ಪ್ಯಾಕೆಟ್ ಕಳಿಸಿದರೂ ಇದೇ. ಸುಮ್ನೆ ಕೂತ ಕನೆಕ್ಷನ್‌ಗೆ ಡಿಫಾಲ್ಟ್ ವೇಟ್_ಟೈಮ್‌ಔಟ್ 28,800 ಸೆಕೆಂಡ್, ಅಂದರೆ ಎಂಟು ಗಂಟೆ, ಅದು ಮುಗಿದರೆ ಸರ್ವರ್ ತಾನೇ ಮುಚ್ಚುತ್ತದೆ. ರಾತ್ರಿಯಿಡೀ ಯಾರೂ ಮುಟ್ಟದ ಆ್ಯಪ್ ಬೆಳಿಗ್ಗೆ ಮೊದಲ ಕ್ಲಿಕ್‌ಗೇ ಕೈಕೊಡುತ್ತದೆ. ಬೈಗುಳ ಮಾತ್ರ ಡೇಟಾಬೇಸ್ ನೋಡಿಕೊಳ್ಳುವವರಿಗೆ, ಅಲ್ವಾ?

ಮೈಎಸ್‌ಕ್ಯೂಎಲ್ 8.0.24 ಆವೃತ್ತಿ ಬಂದಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಸುಮ್ನೆ ಕೂತ ಕನೆಕ್ಷನ್ ಅನ್ನು ಸರ್ವರ್ ತಾನೇ ಮುಚ್ಚಿದರೆ ಈಗ ಎರರ್ 4031 ಬರುತ್ತದೆ, ಕೆಲಸವಿಲ್ಲದೆ ಕೂತಿದ್ದಕ್ಕೆ ಮುಚ್ಚಿದೆ ಅಂತ ನೇರವಾಗಿ. ಆ್ಯಪ್‌ನಲ್ಲಿ ಡೇಟಾಬೇಸ್ ಜೊತೆ ಮಾತಾಡುವ ಡ್ರೈವರ್ ಹಳೆಯದಿದ್ದರೆ ಮತ್ತದೇ 2006, ಹಾಗಾಗಿ ಅದನ್ನೂ ಅಪ್‌ಡೇಟ್ ಮಾಡಿ.

ದುಡ್ಡು ಕೊಟ್ಟು ಮಾನಿಟರಿಂಗ್ ಟೂಲ್ ಇಟ್ಟುಕೊಂಡಿಲ್ಲ, ಬೇಕು ಅನಿಸಿಯೂ ಇಲ್ಲ. ದಿನಾ ಕೆಲಸ ಶುರುವಾಗುವುದೇ ಅಪ್‌ಟೈಮ್, ಅಂದರೆ ಸರ್ವರ್ ಶುರುವಾಗಿ ಎಷ್ಟು ಹೊತ್ತಾಯಿತು ಅಂತ ನೋಡಿ. ಅದು ಚಿಕ್ಕದಿದ್ದರೆ ಸರ್ವರ್ ಬಿದ್ದು ಎದ್ದಿದೆ, ಬೇರೆ ಹುಡುಕಾಟವೇ ಬೇಡ. ಆಮೇಲೆ ಸರ್ವರ್ ಇಡುವ ಎರಡು ಎಣಿಕೆ: ಅಬಾರ್ಟೆಡ್_ಕ್ಲೈಂಟ್ಸ್, ಅಬಾರ್ಟೆಡ್_ಕನೆಕ್ಟ್ಸ್. ಎರಡನೆಯದು ಏರಿದ್ದರೆ ಲಾಗಿನ್ ಹಂತದಲ್ಲೇ ತೊಂದರೆ, ಪಾಸ್‌ವರ್ಡ್ ಕಡೆಯಿಂದ ಶುರು ಮಾಡುತ್ತೇನೆ. ಮೊದಲನೆಯದಾದರೆ, ಒಳಗೆ ಬಂದ ಕ್ಲೈಂಟ್ ಸರಿಯಾಗಿ ಮುಚ್ಚದೇ ಹೋಗಿದೆ.

ಇನ್ನು ಶೋ ಪ್ರೊಸೆಸ್‌ಲಿಸ್ಟ್, ಸರ್ವರ್‌ನಲ್ಲಿ ಈಗಿರುವ ಕನೆಕ್ಷನ್‌ಗಳ ಪಟ್ಟಿ ತೋರಿಸುವ ಕಮಾಂಡ್. ಇದು ನನಗೆ ತುಂಬಾ ಇಷ್ಟ. ಆ್ಯಪ್ 'ಕನೆಕ್ಷನ್ ಹೋಯ್ತು' ಅನ್ನುತ್ತಿರುವಾಗಲೇ ಇಲ್ಲಿ ಅದೇ ಐಪಿ, ಅದೇ ಪೋರ್ಟ್ 'ಸ್ಲೀಪ್'ನಲ್ಲಿ ಕೂತಿರುತ್ತದೆ, ಟೈಮ್ ಕಾಲಂ ಏರುತ್ತಲೇ ಇರುತ್ತದೆ. ಅಂದರೆ ಕಡಿದದ್ದು ಸರ್ವರ್ ಅಲ್ಲ, ಅದಕ್ಕೆ ಸುದ್ದಿಯೇ ಮುಟ್ಟಿಲ್ಲ. ನಡುವಿನ ಫೈರ್‌ವಾಲ್ ಅಥವಾ ಲೋಡ್ ಬ್ಯಾಲೆನ್ಸರ್ ಸದ್ದಿಲ್ಲದೆ ಕೈಬಿಟ್ಟಿದೆ. ಕನೆಕ್ಷನ್ ಇನ್ನೂ ಇದೆಯಾ ಅಂತ ನೋಡುವ ಮೊದಲ ಕೀಪ್‌ಅಲೈವ್ ಸಂದೇಶವನ್ನು ಲಿನಕ್ಸ್ ಡಿಫಾಲ್ಟ್ ಆಗಿ ಕಳಿಸುವುದೇ 7,200 ಸೆಕೆಂಡ್ ಆದಮೇಲೆ, ಅಷ್ಟು ಹೊತ್ತು ಎಷ್ಟೋ ಫೈರ್‌ವಾಲ್‌ಗಳು ಕಾಯುವುದಿಲ್ಲ. ಆ 7,200 ಅನ್ನು 300ಕ್ಕೆ ಇಳಿಸಿದೆ, ಆ್ಯಪ್ ಮತ್ತೆ ಮತ್ತೆ ಬಳಸಲು ತೆರೆದಿಡುವ ಕನೆಕ್ಷನ್‌ಗಳ ಪೂಲ್‌ನಲ್ಲಿ ಒಂದೊಂದರ ಆಯಸ್ಸನ್ನೂ ಕಮ್ಮಿ ಮಾಡಿದೆ. ನಮ್ಮಲ್ಲಿ ಬೆಳಗಿನ ಕಾಟ ಅಲ್ಲಿಗೆ ನಿಂತಿತು.

ಒಂದು ಬೇಸರ ಉಳಿದಿದೆ. ಅರ್ಧಕ್ಕೆ ನಿಂತ ಕನೆಕ್ಷನ್‌ಗಳ ವಿವರ ಎರರ್ ಲಾಗ್‌ಗೆ ಬರಲು ಲಾಗ್_ಎರರ್_ವರ್ಬಾಸಿಟಿ ಅನ್ನೋ ಸೆಟ್ಟಿಂಗ್ 3 ಇರಬೇಕು, ಡಿಫಾಲ್ಟ್ 2. ಸಮಸ್ಯೆ ಹುಡುಕಲು ಹೊರಟವರಿಗೆ ಇದು ಮೊದಲೇ ತೋಚುವುದಿಲ್ಲ. ಪುಣ್ಯಕ್ಕೆ ರೀಸ್ಟಾರ್ಟ್ ಇಲ್ಲದೆ ಬದಲಿಸಬಹುದು. ಹುಡುಕುವಾಗ 3 ಮಾಡುತ್ತೇನೆ, ಸಿಕ್ಕಮೇಲೆ ವಾಪಸ್ 2. ಇಲ್ಲದಿದ್ದರೆ ಲಾಗ್ ಜಾಸ್ತಿ ಊದಿಕೊಳ್ಳುತ್ತದೆ.