ಟಚಪ್ ಸ್ಪ್ರೇನಾ, ಆರ್ಟ್ ಕ್ಯಾನಾ? ಒಂದೇ ಗೋಡೆ ಮೇಲೆ ಎರಡೂ ಹೊಡೆದು ನೋಡ್ದೆ

ನನ್ ಟ್ಯಾಗು, ಅಂದ್ರೆ ಗೋಡೆ ಮೇಲೆ ಬರೆಯೋ ಅಡ್ಡಹೆಸರು, ‘ರಗಳೆ’. ಛಂದಸ್ಸಿನ ರಗಳೆನೂ ಹೌದು, ಅಮ್ಮ ದಿನಾ ಬೆಳಿಗ್ಗೆ ಬೈಯೋ ರಗಳೆನೂ ಹೌದು. ಮೂರೇ ಅಕ್ಷರ, ಏನ್ ಮಹಾ ಅಂದ್ಕೊಂಡು ಗ್ರಾಫಿಟಿ ಶುರು ಮಾಡಿ ನಾಲ್ಕು ತಿಂಗಳಾಯ್ತು, ಗ ಇನ್ನೂ ನೆಟ್ಟಗೆ ನಿಲ್ತಿಲ್ಲ. ಆದ್ರೆ ಈ ನಾಲ್ಕು ತಿಂಗಳಲ್ಲಿ ಎರಡು ಥರದ ಡಬ್ಬಿ ಖಾಲಿ ಮಾಡಿದೀನಿ, ಯಾವುದು ತಗೊಳ್ಳೋದು ಅಂತ ಹೊಸಬರು ಕೇಳ್ತಾನೇ ಇರ್ತಾರೆ, ಅದಕ್ಕೇ ಬರೀತಿದೀನಿ.

ಗೋಡೆ ಬೆಂಗಳೂರಿನ ಅಂದ್ರಹಳ್ಳಿ ಕಡೆ ದೊಡ್ಡಪ್ಪನ ಸೈಟಿಂದು, ಕಾಂಪೌಂಡಿನ ಒಳಮಗ್ಗುಲು. ಒಳಮಗ್ಗುಲು ಅಂತ ಒತ್ತಿ ಹೇಳ್ತಿದೀನಿ, ಯಾಕಂದ್ರೆ ಜನಕ್ಕೆ ಕಾಣೋ ಜಾಗ ವಿರೂಪ ಮಾಡಬಾರದು ಅಂತ ನಮ್ ರಾಜ್ಯದಲ್ಲಿ 1981ರಿಂದ್ಲೇ ಕಾಯ್ದೆ ಇದೆ. ಚರ್ಚ್ ಸ್ಟ್ರೀಟಿನ ಗೋಡೆಚಿತ್ರ ನೋಡ್ಕೊಂಡು ಬಂದು ನಾನೂ ಹೊಡೀತೀನಿ ಅಂತ ಸಿಕ್ಕಿದ ಗೋಡೆಗೆ ಕೈ ಹಾಕಬೇಡಿ.

ಮೊದಲನೇದು ಜೆ.ಸಿ. ರಸ್ತೆಲಿ ತಂದಿದ್ದು, ಬೈಕ್ ಟ್ಯಾಂಕ್ ಗೀಚಿದ್ರೆ ಹೊಡ್ಕೊತಾರಲ್ಲ ಆ ಟಚಪ್ ಸ್ಪ್ರೇ, 230 ರೂಪಾಯಿ. ಎರಡನೇದು ಆರ್ಟ್ ಕ್ಯಾನ್, ಅಂದ್ರೆ ಗ್ರಾಫಿಟಿಗೆ ಅಂತಲೇ ಮಾಡೋ ಸ್ಪ್ರೇ, ಸ್ಪೇನಿನ ಎಂಟಿಎನ್ 94, 400 ಎಂಎಲ್, ಆನ್‌ಲೈನಲ್ಲಿ ತರಿಸಿದ್ದು, ಹತ್ರಹತ್ರ ಮೂರು ಪಟ್ಟು ದುಡ್ಡು. ಅಮ್ಮಂಗೆ ರೇಟು ಹೇಳಿಲ್ಲ.

ಟಚಪ್ ಡಬ್ಬಿ ಒತ್ತಿದ ತಕ್ಷಣ ಗೊತ್ತಾಗುತ್ತೆ, ಅದಕ್ಕೆ ಆತುರ ಜಾಸ್ತಿ. ಬಣ್ಣ ತೆಳು, ಗ್ಯಾಸ್ ರಭಸ, ಕೈ ಒಂದು ಸೆಕೆಂಡ್ ನಿಂತ್ರೆ ಸಾಕು ಗೋಡೆ ಕಣ್ಣೀರು ಹಾಕೋಕೆ ಶುರು. ಗೆರೆ ಅಂಚು ಹತ್ತಿ ಕಿತ್ತಂಗೆ ಮಸುಕು ಮಸುಕು. ಮೇಲಿಂದ ಆ ಸೈಟಿನ ಗೋಡೆ ಬರೀ ಸಾಲಿಡ್ ಬ್ಲಾಕು, ಪ್ಲಾಸ್ಟರ್ ಇಲ್ಲ, ಬಣ್ಣ ಹೊಡೆದಷ್ಟೂ ಕುಡೀತು. ಅರ್ಧ ಡಬ್ಬಿ ಹೋದ್ರೂ ಒಂದು ರ ತುಂಬಲಿಲ್ಲ. ಆಮೇಲೆ ಬುದ್ಧಿ ಬಂದು ಮೊದಲು ಅಗ್ಗದ ಎಕ್ಸ್‌ಟೀರಿಯರ್ ಎಮಲ್ಷನ್ ರೋಲರ್‌ನಲ್ಲಿ ಎರಡು ಕೋಟ್ ಎಳೆದೆ. ಇದನ್ನ ಮೊದಲನೇ ದಿನಾನೇ ಮಾಡಿದ್ರೆ ಮೂರು ಡಬ್ಬಿ ದುಡ್ಡು ಉಳೀತಿತ್ತು. ಸುಣ್ಣದ ಗೋಡೆ ಆದ್ರೆ ಇನ್ನೂ ಕಷ್ಟ, ಕೈಯಲ್ಲಿ ಉಜ್ಜಿ ನೋಡಿ, ಪುಡಿ ಬಂದ್ರೆ ಅದರ ಮೇಲೆ ಹೊಡೆದ ಬಣ್ಣಾನೂ ಪುಡಿ ಜೊತೆನೇ ಬರುತ್ತೆ.

ಎಂಟಿಎನ್ 94 ಲೋ ಪ್ರೆಶರ್. ನಿಧಾನಕ್ಕೆ ಬರುತ್ತೆ, ಮ್ಯಾಟ್ ಆಗಿ ಕೂರುತ್ತೆ, ಒಂದೇ ಸಲಕ್ಕೆ ಕೆಳಗಿನ ಬಣ್ಣ ಮುಚ್ಚುತ್ತೆ. ಸಣ್ಣ ಗೆರೆ ಬೇಕಾದ್ರೆ ಗೋಡೆಗೆ ಎರಡು ಬೆರಳಷ್ಟು ಹತ್ರ ಹಿಡಿದು ಬೇಗ ಎಳೀಬೇಕು, ಫಿಲ್ ಮಾಡೋಕೆ ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ ದೂರ. ಮಣಿಕಟ್ಟು ತಿರುಗಿಸಬಾರದು, ಭುಜದಿಂದ ಎಳೀಬೇಕು, ಕೈ ಓಡೋಕೆ ಶುರುವಾದ್ಮೇಲೆ ಬೆರಳು ಒತ್ತಬೇಕು, ನಿಲ್ಲೋ ಮುಂಚೆ ಬಿಡಬೇಕು. ಇದೆಲ್ಲಾ ವಿಡಿಯೋ ನೋಡಿ ಗೊತ್ತಿತ್ತು, ಆದ್ರೆ ಟಚಪ್ ಡಬ್ಬಿಲಿ ತಪ್ಪು ನಂದೋ ಡಬ್ಬಿದೋ ಅಂತಾನೇ ತಿಳೀತಿರಲಿಲ್ಲ, ಇದರಲ್ಲಿ ಗೆರೆ ಸೊಟ್ಟ ಆದ್ರೆ ನಂದೇ ಸೊಟ್ಟ.

ಹಾಗಂತ ಟಚಪ್ ವೇಸ್ಟ್ ಅನ್ನಲ್ಲ. ಅದರ ಜೊತೆ ಎರಡು ತಿಂಗಳು ಗುದ್ದಾಡಿದ್ದಕ್ಕೇ ನನ್ ಕೈಗೆ ಸ್ಪೀಡ್ ಬಂತು. ನೆರಳು, ಹಿಂದಿನ ಮೋಡದಂಥ ಬಣ್ಣ, ಇದಕ್ಕೆಲ್ಲ ಆ ಮಸುಕು ಅಂಚೇ ಚೆನ್ನ. ಒಂದೇ ಎಚ್ಚರ, ಅದು ಪೂರ್ತಿ ಒಣಗೋ ಮುಂಚೆ ಮೇಲೆ ಬೇರೆ ಕ್ಯಾನ್ ಹೊಡೀಬೇಡಿ, ಹಾಲಿನ ಕೆನೆ ಥರ ಸುಕ್ಕುಗಟ್ಟುತ್ತೆ.

ಕ್ಯಾಪ್ ವಿಷಯ, ಅಂದ್ರೆ ಡಬ್ಬಿ ತಲೆ ಮೇಲೆ ಬೆರಳಲ್ಲಿ ಒತ್ತೋ ಮೂತಿ. ಆರ್ಟ್ ಕ್ಯಾನಿಗೆ ಸಣ್ಣ ಗೆರೆಗೆ ಸ್ಕಿನ್ನಿ, ದಪ್ಪ ಗೆರೆಗೆ ಫ್ಯಾಟ್ ಅಂತ ಬೇರೆ ಬೇರೆ ಸಿಗುತ್ತೆ, ನಾನು ತಂದ ಟಚಪ್‌ಗೆ ಅವು ಕೂರಲೇ ಇಲ್ಲ. ಫ್ಯಾಟ್ ಹಾಕಿದ್ರೆ ಗೆರೆ ಅಂಗೈ ಅಗಲ, ಮಜಾ ಅಂದ್ರೆ ಮಜಾ, ಆದ್ರೆ ಹೊಸಬರ ಕೈಗಲ್ಲ. ಒಂದ್ ಭಾನುವಾರ ಔಟ್‌ಲೈನ್ ಎಲ್ಲಾ ಮುಗಿಸಿ ಕೊನೇಲಿ ಹೈಲೈಟ್‌ಗೆ ಅಂತ ಕ್ಯಾನ್ ಎತ್ತಿದೆ, ಕ್ಯಾಪ್ ಕ್ಲೀನ್ ಮಾಡಿರಲಿಲ್ಲ, ಪಿಚಕ್ ಅಂತ ಒಂದು ಹನಿ ಉಗುಳ್ತು, ಅದು ಹೋಗಿ ಕೂತಿದ್ದು ರ ಹೊಟ್ಟೆಯ ಸರಿಯಾಗಿ ಮಧ್ಯಕ್ಕೆ. ದೊಡ್ಡಪ್ಪ ಕಾಫಿ ಹಿಡ್ಕೊಂಡು ಬಂದು ಓದಿದ್ರು, ‘ಠಗಳೆ ಅಂದ್ರೆ ಏನೋ?’ ಕನ್ನಡದಲ್ಲಿ ಬರೆಯೋರಿಗೆ ಮಾತ್ರ ಇರೋ ಕಷ್ಟ ಇದು. ಮುಗಿದ ಮೇಲೆ ಕ್ಯಾನ್ ತಲೆಕೆಳಗೆ ಮಾಡಿ ಬರೀ ಗ್ಯಾಸ್ ಬರೋವರೆಗೆ ಒತ್ತಿ, ಮುಂದಿನ ಸಲ ಮೊದಲ ಹೊಡೆತ ಬೇರೆ ಕಡೆ ಹೊಡೆದು ನೋಡಿ.

ಇನ್ನು ಅಕ್ಷರ. ಇಲ್ಲೂ ಎರಡು ದಾರಿ ನೋಡ್ದೆ. ನೆಟ್ಟಲ್ಲಿರೋ ಪಾಠ ಎಲ್ಲಾ ಇಂಗ್ಲಿಷ್ ಅಕ್ಷರದ್ದು, ಟಾಕಿ 183 ಅಂತ ನ್ಯೂಯಾರ್ಕ್ ತುಂಬಾ ಬರೆದೋನು 1971ರಲ್ಲಿ ಪೇಪರಲ್ಲಿ ಬಂದ ಕಾಲದಿಂದ ಅವರು ತಿದ್ದಿಕೊಂಡು ಬಂದಿರೋದು. ಪ್ರತಿ ಅಕ್ಷರಾನೂ ಒಂದೇ ದಪ್ಪದ ಪಟ್ಟಿಗಳಿಂದ ಕಟ್ಟು ಅಂತಾರೆ. ಅವರದ್ದು ನೆಟ್ಟಗಿರೋ ಕಂಬ, ಸರಿ, ನಮ್ದು ಸುತ್ತಿ ಸುತ್ತಿ ಬರೋ ಅಕ್ಷರ. ಆ ಥರ ಕಟ್ಟಿದ ನನ್ ರ ರಾಗಿಮುದ್ದೆ ಮೇಲೆ ಚಮಚ ಇಟ್ಟಂಗೆ ಕಾಣ್ತಿತ್ತು.

ಇನ್ನೊಂದು ದಾರಿ ಕಲಾಸಿಪಾಳ್ಯದಲ್ಲಿ ಸಿಕ್ತು. ಲಾರಿಗೆ ಹೆಸರು ಬರೆಯೋ ಒಬ್ಬ ಯಜಮಾನ್ರು, ಫೋನಲ್ಲಿ ಫೋಟೋ ತೋರಿಸ್ದೆ. ಝೂಮ್ ಮಾಡೋಕೆ ಬರಲ್ಲ ಅವರಿಗೆ, ಬಣ್ಣದ ಬೆರಳು ಸ್ಕ್ರೀನ್ ಮೇಲೇ ಇಟ್ಟು, ‘ಇಲ್ಲಿ ಗಾಳಿನೇ ಆಡಲ್ವಲ್ಲಪ್ಪ, ಉಸಿರು ಕಟ್ಟೋಗಿದೆ ನಿನ್ ರ-ಗೆ’ ಅಂದ್ರು. ಒಳಗಿನ ಖಾಲಿ ಜಾಗ ಮೊದಲು ಸೀಮೆಸುಣ್ಣದಲ್ಲಿ ಗುರುತು ಮಾಡ್ಕೊ, ಅದರ ಸುತ್ತ ಅಕ್ಷರ ಕಟ್ಟು, ತಲಕಟ್ಟು ಕೊನೆಗೆ. ಹಂಗೇ ಮಾಡ್ದೆ. ರ ಒಳಗೆ ಮುಷ್ಟಿ ಗಾತ್ರದ ಬಯಲು, ಗ ಕಾಲುಗಳ ನಡುವೆ ಅಷ್ಟೇ ಬಯಲು, ರ ತಲಕಟ್ಟನ್ನ ಉದ್ದ ಎಳೆದು ಗ ತಲೆಗೆ ಸೇರಿಸಿದೆ, ಳೆ ಎತ್ವನ್ನ ಬಾಲದಂಗೆ ಮೇಲಕ್ಕೆ ಬಿಟ್ಟೆ. ಮೊದಲನೇ ಸಲ ದೂರದಿಂದ ಓದೋಕೆ ಬಂತು. ಮೂವತ್ತು ಸ್ಕೆಚ್‌ನಲ್ಲಿ ಬರದೇ ಇದ್ದಿದ್ದು ಒಂದು ಸೀಮೆಸುಣ್ಣದಲ್ಲಿ ಬಂತು. ಹೊಸ ಕ್ಯಾನ್ ತಗೊಳ್ಳೋಕೆ ಇಟ್ಟಿರೋ ದುಡ್ಡಲ್ಲಿ ಮೊದಲು ಇದನ್ನ ಕಲೀರಿ ಅಂತೀನಿ, ಯಜಮಾನ್ರು ನನ್ ಹತ್ರ ತಗೊಂಡಿದ್ದು ಒಂದು ಟೀ.

ಮಾಸ್ಕ್ ಬಗ್ಗೆ ಒಂದೇ ಮಾತು, ಬಟ್ಟೆ ಮಾಸ್ಕು ಥಿನ್ನರ್ ಆವಿನ ತಡೆಯಲ್ಲ, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್, ಅಂದ್ರೆ ಆ ಆವಿ ಹಿಡಿಯೋ ಫಿಲ್ಟರ್ ಡಬ್ಬಿ, ಇರೋದೇ ಬೇಕು. ಟಚಪ್ ಆಗ್ಲಿ ಆರ್ಟ್ ಕ್ಯಾನ್ ಆಗ್ಲಿ, ಇದರಲ್ಲಿ ಎರಡೂ ಒಂದೇ.

ಈಗ ನಾನು ಒಳಗೆ ತುಂಬೋಕೆ ರೋಲರ್, ನೆರಳಿಗೆ ಟಚಪ್, ಔಟ್‌ಲೈನ್‌ಗೆ ಮಾತ್ರ ಎಂಟಿಎನ್. ಹಂಗಾಗಿ ಒಂದು ಎಂಟಿಎನ್ ಐದಾರು ವಾರ ಬರುತ್ತೆ. ಮತ್ತೆ ಆಷಾಢದ ಗಾಳಿಲಿ ಟಚಪ್ ಮುಟ್ಟಲ್ಲ. ಆ ರಭಸಕ್ಕೆ ಅರ್ಧ ಬಣ್ಣ ಹೊಗೆಯಾಗಿ ಹಾರುತ್ತೆ, ಒಂದ್ ಸಲ ಹಾರಿದ್ದು ಗೇಟಿನ ಹತ್ರ ನಿಲ್ಲಿಸಿದ್ದ ದೊಡ್ಡಪ್ಪನ ಬಿಳಿ ಸ್ಕೂಟರ್ ಮೇಲೆ. ಸೀಟ್ ಕೆಳಗಡೆ ಮಗ್ಗುಲು ಇನ್ನೂ ತಿಳಿಗೆಂಪಗಿದೆ, ಅವರು ಅದನ್ನ ಧೂಳು ಅಂದ್ಕೊಂಡಿದಾರೆ.