ಬೆಲ್ಲ, ರಾಗಿಗೆ ಪಿಜಿಎಸ್ ಗುರುತೋ, ಇಂಡಿಯಾ ಆರ್ಗ್ಯಾನಿಕ್ಕೋ?

ಪಿಜಿಎಸ್-ಇಂಡಿಯಾ, ಇಂಡಿಯಾ ಆರ್ಗ್ಯಾನಿಕ್ ಎರಡೂ ಸಾವಯವ ಆಹಾರದ ಪ್ರಮಾಣೀಕರಣದ ಗುರುತುಗಳು. ಎರಡೂ ಗುರುತಿನ ಪೊಟ್ಟಣಗಳನ್ನು ಬಳಸಿ ನೋಡಿದ ಮೇಲೆ ದಿನಬಳಕೆಗೆ ನನ್ನ ಆಯ್ಕೆ ಪಿಜಿಎಸ್-ಇಂಡಿಯಾ. ಇಲ್ಲಿ ಒಂದೇ ಊರಿನ ಅಥವಾ ಅಕ್ಕಪಕ್ಕದ ಊರುಗಳ ಕನಿಷ್ಠ ಐದು ರೈತರು ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ಪಕ್ಕದ ಹೊಲದಲ್ಲಿ ಯೂರಿಯಾ ಚೀಲ ಬಿಚ್ಚಿದರೆ ನೆರೆಯವನಿಗೆ ಗೊತ್ತಾಗದೆ ಇರುವುದಿಲ್ಲ. ಇಂಡಿಯಾ ಆರ್ಗ್ಯಾನಿಕ್‌ನಲ್ಲಿ ತಪಾಸಣೆ ಹೊರಗಿನ ಸಂಸ್ಥೆಯದು, ಅದರ ಖರ್ಚು ಕೊನೆಗೆ ಬೆಲೆಯಲ್ಲೇ ಸೇರುತ್ತದೆ. ರಫ್ತಿಗೆ ಮಾತ್ರ ಅದೇ ಬೇಕು.

‘ಜೈವಿಕ್ ಭಾರತ್’ ಎಂಬ ಸಾವಯವ ಆಹಾರದ ಸರ್ಕಾರಿ ಚಿಹ್ನೆ ಈ ಎರಡಕ್ಕೂ ಸಲ್ಲುತ್ತದೆ. ಅದೊಂದನ್ನೇ ನೋಡಿದರೆ ಯಾವ ದಾರಿಯ ಪ್ರಮಾಣಪತ್ರ ಎಂದು ತಿಳಿಯದು.

ತಲೆನೋವು ಶುರುವಾಗುವುದು ಸಂಖ್ಯೆಗಳಲ್ಲಿ. ಇಂಡಿಯಾ ಆರ್ಗ್ಯಾನಿಕ್ ಪೊಟ್ಟಣದ ಮೇಲೆ ‘ಎನ್‌ಪಿಒಪಿ/ಎನ್‌ಎಬಿ’ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಬಹಳ ಜನ ಅದನ್ನೇ ಆ ಬೆಲ್ಲದ ಪ್ರಮಾಣಪತ್ರ ಎಂದುಕೊಳ್ಳುತ್ತಾರೆ. ಅದು ತಪಾಸಣೆ ಮಾಡುವ ಸಂಸ್ಥೆಯ ಮಾನ್ಯತೆ ಸಂಖ್ಯೆ, ಪೊಟ್ಟಣ ಕಟ್ಟಿದವರದ್ದಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯೂ ಆಹಾರ ವ್ಯಾಪಾರದ ಪರವಾನಗಿ ಅಷ್ಟೇ, ಸಾವಯವಕ್ಕೂ ಅದಕ್ಕೂ ಸಂಬಂಧವಿಲ್ಲ. ಕೇಳಬೇಕಾದದ್ದು ಪೊಟ್ಟಣ ಕಟ್ಟಿದವರ ಸ್ಕೋಪ್ ಸರ್ಟಿಫಿಕೇಟು, ಅಂದರೆ ಅವರ ಯಾವ ಯಾವ ಉತ್ಪನ್ನ ಸಾವಯವ ಎಂದು ಹೇಳುವ ಪ್ರಮಾಣಪತ್ರ. ವಾಟ್ಸಾಪ್‌ನಲ್ಲಿ ಪ್ರತಿ ಕೇಳಿ. ಮೊದಲು ಅವಧಿ ಮುಗಿದಿಲ್ಲವೇ ನೋಡಿ, ಆಮೇಲೆ ಅನುಬಂಧದ ಉತ್ಪನ್ನಗಳ ಪಟ್ಟಿ. ಅಲ್ಲಿ ಕಬ್ಬು ಇದ್ದು ಬೆಲ್ಲ ಇಲ್ಲದಿದ್ದರೆ ಹೊಲಕ್ಕೆ ಮಾತ್ರ ಪ್ರಮಾಣಪತ್ರ ಸಿಕ್ಕಿದೆ, ಆಲೆಮನೆಗೆ ಸಿಕ್ಕಿಲ್ಲ. ಬೆಲ್ಲ ಕೆಡುವುದೇ ಆಲೆಮನೆಯಲ್ಲಿ: ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆಯುವ ಬದಲು ಹೈಡ್ರೋಸ್ ಎಂಬ ರಾಸಾಯನಿಕ ಸುರಿದು ಬಿಳುಪು ಮಾಡುತ್ತಾರೆ.

ಕೊಳ್ಳುವವರ ಕಣ್ಣು ಲೇಬಲ್‌ಗಿಂತ ಮೊದಲು ಬಣ್ಣದ ಮೇಲೆ ಬೀಳುತ್ತದೆ. ಹೊಂಬಣ್ಣದ ಅಚ್ಚು ಬೇಗ ಖಾಲಿ, ಕಂದು ಅಚ್ಚು ಅಂಗಡಿಯಲ್ಲೇ ಉಳಿಯುತ್ತದೆ. ಹಾಗೆಂದು ಕಪ್ಪಗಿದ್ದದ್ದೆಲ್ಲ ಸಾವಯವವೂ ಅಲ್ಲ. ಪಾಕ ಹೆಚ್ಚಾದರೂ, ಮಣ್ಣು ಸವುಳಾದರೂ ಬೆಲ್ಲ ಕಪ್ಪಾಗುತ್ತದೆ.

ಪಿಜಿಎಸ್‌ನಲ್ಲೂ ಎರಡು ಕಡೆ ಎಚ್ಚರ ಬೇಕು. ‘ಪಿಜಿಎಸ್ ಗ್ರೀನ್’ ಎಂದರೆ ಹೊಲ ಇನ್ನೂ ರಾಸಾಯನಿಕ ಬೇಸಾಯದಿಂದ ಸಾವಯವಕ್ಕೆ ಪರಿವರ್ತನೆಯಲ್ಲಿದೆ ಎಂದರ್ಥ. ಹಸಿರು ಕಂಡು ಅದನ್ನೇ ಮೇಲು ಎಂದುಕೊಂಡು ಪೂರ್ತಿ ಬೆಲೆ ಕೊಡಬೇಡಿ, ‘ಪಿಜಿಎಸ್ ಆರ್ಗ್ಯಾನಿಕ್’ ಎಂದಿದೆಯೇ ನೋಡಿ. ಇನ್ನೊಂದು, ಈ ಭರವಸೆ ಮಾಲು ಗುಂಪಿನ ಕೈಯಲ್ಲಿರುವ ತನಕ ಮಾತ್ರ. ಅಂಗಡಿಯವರು ಮೂಟೆ ಒಡೆದು ಕೆಜಿ ಲೆಕ್ಕದಲ್ಲಿ ಕಟ್ಟಿಕೊಟ್ಟರೆ ಗುರುತಿಗೆ ಬೆಲೆಯಿಲ್ಲ. ಗುಂಪಿನವರೇ ಮೊಹರು ಮಾಡಿದ ಚೀಲ ಕೊಳ್ಳಿ.

‘ನೈಸರ್ಗಿಕ’, ‘ಕೆಮಿಕಲ್ ಫ್ರೀ’ ಎಂಬ ಬರಹಕ್ಕೆ ಹೆಚ್ಚು ದುಡ್ಡು ಕೊಡುವುದಿಲ್ಲ. ಆದರೆ ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗಿನ ವಹಿವಾಟಿನ ಸಣ್ಣ ಬೆಳೆಗಾರರು ನೇರವಾಗಿ ಬಳಕೆದಾರರಿಗೆ ಮಾರುವಾಗ ಪ್ರಮಾಣಪತ್ರ ಬೇಕಿಲ್ಲ, ‘ಜೈವಿಕ್ ಭಾರತ್’ ಚಿಹ್ನೆ ಹಾಕುವಂತೆಯೂ ಇಲ್ಲ. ಅಂಥವರ ಹೊಲ ನೋಡಿ ಬರಲು ಆಗುವುದಾದರೆ ಕೊಳ್ಳಬಹುದು.

ಕಾಳು ತಂದು ಗಿರಣಿಯಲ್ಲಿ ಬೀಸಿಸುವ ಮನೆಗೆ ರಾಗಿ, ಬೆಲ್ಲ ಎರಡೂ ಗುಂಪಿನಿಂದಲೇ ಮೂಟೆಯಲ್ಲಿ ತರುವುದು ಅಗ್ಗ. ತೊಗರಿಬೇಳೆ ಮಾತ್ರ ಕಲಬುರಗಿ ಕಡೆಯಿಂದ ಹತ್ತು ಕೈ ದಾಟಿ ಬರುತ್ತದೆ. ಅದಕ್ಕೆ ಇಂಡಿಯಾ ಆರ್ಗ್ಯಾನಿಕ್ ಗುರುತೇ ಇರಲಿ, ಸ್ಕೋಪ್ ಸರ್ಟಿಫಿಕೇಟಿನಲ್ಲಿ ಬೇಳೆಯ ಹೆಸರಿದ್ದರೆ.